ಮೊದಲು ಹೊರಗೆ ಬರುವ ದಾರಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಶಾಲೆಯಲ್ಲೋ ಕಾಲೇಜಿನಲ್ಲೋ ಓದುತ್ತಾ, ಒಂದು ಬ್ಲಾಗ್ ಶುರು ಮಾಡೋಣ ಅಂದುಕೊಂಡಿರುವ ಮಕ್ಕಳ ಜೊತೆ ಇವತ್ತು ನನ್ನ ಮಾತು.

ನನ್ನ ಹತ್ತಿರ ಬರುವ ವಿದ್ಯಾರ್ಥಿಗಳು ಕೇಳುವುದು ಒಂದೇ ಪ್ರಶ್ನೆ. "ಬ್ಲಾಗರ್ ಒಳ್ಳೇದಾ, ವರ್ಡ್‌ಪ್ರೆಸ್ ಒಳ್ಳೇದಾ, ಟಂಬ್ಲರ್ ಒಳ್ಳೇದಾ?" ಮೂರೂ ಬ್ಲಾಗ್ ಬರೆಯಲು ಜಾಗ ಕೊಡುವ ತಾಣಗಳು. ಆಮೇಲೆ ಥೀಮ್ ಬಗ್ಗೆ, ಅಂದರೆ ಬ್ಲಾಗಿನ ಅಲಂಕಾರದ ಬಗ್ಗೆ, ಬಣ್ಣದ ಬಗ್ಗೆ ಅರ್ಧ ಗಂಟೆ ಚರ್ಚೆ. ನಾನು ತಿರುಗಿ ಕೇಳುವುದೂ ಒಂದೇ ಪ್ರಶ್ನೆ. ಬರೆದದ್ದನ್ನು ಅಲ್ಲಿಂದ ಹೊರಗೆ ತರುವುದು ಹೇಗೆ ಅಂತ ನೋಡಿದ್ದೀರಾ? ಯಾರೂ ನೋಡಿರುವುದಿಲ್ಲ.

ನಾನು ಪಾಠ ಮಾಡುತ್ತಿದ್ದ ಒಂದು ತರಗತಿಯ ಕಥೆ ಹೇಳುತ್ತೇನೆ. ಆ ವರ್ಷ ಪ್ರತಿಯೊಬ್ಬರೂ ತಮಗಿಷ್ಟವಾದ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಒಬ್ಬ ಹುಡುಗ ಜೇಡಿಮಣ್ಣಿನ ಬೊಂಬೆಗಳನ್ನು ಚೂರು ಚೂರೇ ಸರಿಸಿ, ಪ್ರತಿ ಸಲವೂ ಫೋಟೋ ತೆಗೆದು, ಒಂದು ನಿಮಿಷದ ಚಿತ್ರ ಮಾಡಿದ. ಸೆಕೆಂಡಿಗೆ 12 ಫೋಟೋ. ಲೆಕ್ಕ ಹಾಕಿ, ನಿಮಿಷಕ್ಕೆ 720! ಒಬ್ಬಳು ತನ್ನ ಅಜ್ಜಿಯನ್ನು ಕೂರಿಸಿಕೊಂಡು, ಅವರ ಬಾಲ್ಯದ ನೆನಪುಗಳನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿದಳು. ಇನ್ನೊಬ್ಬ ಮಾತೇ ಇಲ್ಲದ ಕಾಮಿಕ್ಸ್ ಬಿಡಿಸಿದ. ಪೆನ್ಸಿಲ್ಲು, ಕಾಗದ, ಅಷ್ಟೇ.

ಬರೆಯುವ ಹುಡುಗಿಯೂ ಒಬ್ಬಳಿದ್ದಳು. ಅವಳ ಪ್ರಾಜೆಕ್ಟೇ ಬ್ಲಾಗ್. ಗೆಳೆಯರ ಕೆಲಸ ಹೇಗೆ ಸಾಗುತ್ತಿದೆ ಅಂತ ವಾರ ವಾರ ಬರೆದಳು. ಬೊಂಬೆಯ ಕಾಲು ಮುರಿದ ದಿನ ಅದರಲ್ಲಿತ್ತು. ಅಜ್ಜಿ ಹೇಳುತ್ತಾ ಹೇಳುತ್ತಾ ಸುಮ್ಮನಾಗಿಬಿಟ್ಟ ದಿನವೂ ಇತ್ತು. ನಿಜ ಹೇಳುತ್ತೇನೆ, ಆ ಪ್ರಾಜೆಕ್ಟ್‌ಗಳಿಗಿಂತ ಅವು ಹೇಗೆ ಹುಟ್ಟಿದವು ಅನ್ನುವ ಅವಳ ಬರಹವೇ ನನಗೆ ಜಾಸ್ತಿ ನೆನಪಿದೆ.

ಬ್ಲಾಗ್ ಖಾತೆಗೆ ಅವಳು ಕೊಟ್ಟಿದ್ದು ಶಾಲೆಯ ಇಮೇಲ್. ಪರೀಕ್ಷೆ ಮುಗಿಯಿತು, ಮಕ್ಕಳು ಶಾಲೆ ಬಿಟ್ಟರು, ಆ ಇಮೇಲೂ ಬಂದ್ ಆಯಿತು. ಕೆಲವು ತಿಂಗಳಾದ ಮೇಲೆ ಹೊಸ ಫೋನಿನಲ್ಲಿ ಲಾಗಿನ್ ಆಗಲು ಹೋದಳು. ಓಟಿಪಿ ಹೋಗುತ್ತಿರುವುದು ಆ ಬಂದ್ ಆದ ಇಮೇಲಿಗೆ! ಬ್ಲಾಗ್ ಕಣ್ಣೆದುರೇ ಇದೆ, ಓದಬಹುದು. ಆದರೆ ಒಂದು ಅಕ್ಷರ ತಿದ್ದುವ ಹಾಗಿಲ್ಲ. ನಾಲ್ಕು ದಿನ ಕೂತು ಒಂದೊಂದೇ ಪುಟ ತೆರೆದು ನಕಲು ಮಾಡಿಕೊಂಡಳು. ಬರಹ ಉಳಿಯಿತು. ಅಜ್ಜಿಯ ದನಿ ಉಳಿಯಲಿಲ್ಲ. ಆ ಫೈಲ್ ಇದ್ದದ್ದು ಶಾಲೆ ಕೊಟ್ಟಿದ್ದ ಖಾತೆಯಲ್ಲಿ. ಬ್ಲಾಗಿನಲ್ಲಿ ಅದರ ಲಿಂಕ್ ಮಾತ್ರ ಇತ್ತು. ಕಾಮಿಕ್ಸ್ ಹುಡುಗನಿಗೆ ಏನೂ ಆಗಲಿಲ್ಲ. ಅವನ ಕಾಗದ ಅವನ ಹತ್ತಿರವೇ ಇತ್ತು.

ಅದಕ್ಕೇ ಹೇಳುತ್ತೇನೆ, ಮೊದಲು ಹೊರಗೆ ಬರುವ ದಾರಿ ನೋಡಿ.

ದೊಡ್ಡ ಕಂಪನಿ ಅಲ್ವಾ, ಏನಾಗುತ್ತೆ ಅಂತೀರಾ? ಜಿಯೋಸಿಟೀಸ್ ಅಂತ ಒಂದು ವೆಬ್ ತಾಣ ಇತ್ತು. ಲಕ್ಷಾಂತರ ಜನ ಅಲ್ಲಿ ತಮ್ಮ ಪುಟ ಕಟ್ಟಿಕೊಂಡಿದ್ದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರಲ್ಲಿ ಮುಚ್ಚಿತು. ಪೋಸ್ಟೆರಸ್ ಅನ್ನುವ ಬ್ಲಾಗ್ ತಾಣವನ್ನು 2012ರಲ್ಲಿ ಟ್ವಿಟರ್ ಕೊಂಡಿತು. ಮರುವರ್ಷವೇ ಅದೂ ಇಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ಬ್ಲಾಗರ್ 1999ರಿಂದ ಇದೆ, ವರ್ಡ್‌ಪ್ರೆಸ್ 2003ರಿಂದ ಇದೆ. ಎರಡರಲ್ಲೂ ನಿಮ್ಮ ಎಲ್ಲ ಪೋಸ್ಟ್‌ಗಳನ್ನು ಒಂದೇ ಫೈಲಾಗಿ ಇಳಿಸಿಕೊಳ್ಳಬಹುದು. ಬ್ಲಾಗರ್‌ನಲ್ಲಿ ಅದಕ್ಕೆ ಬ್ಯಾಕಪ್ ಅನ್ನುತ್ತಾರೆ, ವರ್ಡ್‌ಪ್ರೆಸ್‌ನಲ್ಲಿ ಎಕ್ಸ್‌ಪೋರ್ಟ್. ಎರಡರಲ್ಲಿ ಯಾವುದಾದರೂ ಆದೀತು. ಸುಮ್ನೆ ಅದರ ಮೇಲೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಒಂದು ಮಾತು. ಆ ಫೈಲಿನೊಳಗೆ ಫೋಟೋಗಳು ಬರುವುದಿಲ್ಲ, ಅವುಗಳ ವಿಳಾಸ ಮಾತ್ರ ಬರುತ್ತದೆ. ಫೋಟೋ, ಆಡಿಯೋ, ವಿಡಿಯೋ ಏನಿದ್ದರೂ ಮೂಲ ಫೈಲನ್ನು ನಿಮ್ಮದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ.

ಕನ್ನಡದಲ್ಲಿ ಬರೆಯುವವರು ಯೂನಿಕೋಡ್‌ನಲ್ಲೇ, ಅಂದರೆ ಫೋನು, ಕಂಪ್ಯೂಟರು ಎಲ್ಲ ಕಡೆ ಒಂದೇ ಥರ ಓದಲು ಬರುವ ಅಕ್ಷರ ಪದ್ಧತಿಯಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲಿ ಬರೆದದ್ದು ಬೇರೆ ಕಡೆ ಹೋದರೆ ಓದಲಾಗದ ಗುರುತುಗಳ ಸಾಲಾಗುತ್ತದೆ. ಹೊರಗೆ ತಂದೂ ಏನು ಬಂತು?

ಗೆಳೆಯರ ಕೆಲಸದ ಬಗ್ಗೆ ಇನ್ನಷ್ಟು ಹೇಳುವುದಿತ್ತು, ಸಮಯ ಮುಗಿಯುತ್ತಾ ಬಂತು. ಅವರ ಕೆಲಸವನ್ನು ನಿಮ್ಮ ಬ್ಲಾಗಿನಲ್ಲಿ ಹಾಕುವ ಮೊದಲು ಅವರನ್ನು ಕೇಳಿ, ಅವರು ಒಪ್ಪಿದರೆ ಹೆಸರು ಹಾಕಿ. ದನಿ ಅಜ್ಜಿಯದಾಗಿದ್ದರೆ ಅಜ್ಜಿಯನ್ನೂ ಕೇಳಿ.

ಬ್ಲಾಗ್ ಈಗಾಗಲೇ ಇದ್ದವರು ಇವತ್ತು ರಾತ್ರಿ ಸೆಟ್ಟಿಂಗ್ಸ್ ತೆರೆದು, ಮೊದಲು ನಿಮ್ಮದೇ ಇಮೇಲ್ ಸೇರಿಸಿ, ಆಮೇಲೆ ಶಾಲೆಯ ಇಮೇಲ್ ತೆಗೆಯಿರಿ. ಒಂದು ಬ್ಯಾಕಪ್ ಇಳಿಸಿಕೊಳ್ಳಿ. ಆಮೇಲೆ ಥೀಮ್ ಎಷ್ಟು ಸಲ ಬೇಕಾದರೂ ಬದಲಿಸಿ. ನಮಸ್ಕಾರ.