ಬಾಗಿಲ ಪಕ್ಕದ ಗುರುತು

ಎಲ್ಲರಿಗೂ ನಮಸ್ಕಾರ.

ಮೊದಲು ನಿಮಗೆ ಒಂದು ಬಾಗಿಲು ತೋರಿಸುತ್ತೇನೆ. ಊರು ಅಮೆರಿಕದ ನ್ಯೂ ಆರ್ಲಿಯನ್ಸ್, 2005ರ ಸೆಪ್ಟೆಂಬರ್ ತಿಂಗಳು. ಒಂದು ಮರದ ಮನೆ. ಮುಂಬಾಗಿಲ ಪಕ್ಕದ ಗೋಡೆಗೆ ಸ್ಪ್ರೇ ಪೇಂಟಿನಲ್ಲಿ ದೊಡ್ಡದಾಗಿ ಗುಣಾಕಾರದ ಗುರುತು ಹಾಕಿದ್ದಾರೆ. ಆ ಗುರುತಿನಿಂದ ನಾಲ್ಕು ಭಾಗ ಆಗುತ್ತದಲ್ಲ, ನಾಲ್ಕರಲ್ಲೂ ಏನೋ ಬರೆದಿದೆ. ಎಡಗಡೆ, ಹುಡುಕಲು ಬಂದ ತಂಡದ ಹೆಸರು. ಮೇಲೆ, ಬಂದುಹೋದ ತಾರೀಖು. ಬಲಗಡೆ, ಒಳಗೆ ಏನು ಅಪಾಯವಿದೆ ಅನ್ನುವುದು. ಕೆಳಗೆ, ಮನೆಯೊಳಗೆ ಎಷ್ಟು ಜನ ಸಿಕ್ಕರು, ಬದುಕಿದ್ದವರೆಷ್ಟು, ಸತ್ತವರೆಷ್ಟು.

ಕತ್ರೀನಾ ಚಂಡಮಾರುತಕ್ಕೆ ಊರು ಬಿಟ್ಟು ಹೋದವರು ವಾರಗಟ್ಟಲೆ ಕಳೆದ ಮೇಲೆ ವಾಪಸ್ ಬಂದರು. ಬೀದಿಗೆ ಕಾಲಿಟ್ಟ ತಕ್ಷಣ ಅವರ ಕಣ್ಣು ಯಾವ ಮನೆಯ ಕೆಳಗಿನ ಅಂಕಿಯ ಮೇಲೆ ಹೋಗಿರಬಹುದು, ಹೇಳಿ? ತಮ್ಮ ಮನೆಯದಲ್ಲ. ಪಕ್ಕದ ಮನೆಯ ಅಜ್ಜಿಯದು.

ಇವತ್ತಿನ ನನ್ನ ವಿಷಯ ಅಮೆರಿಕದ ಒಂದು ದಶಕ, 2001ರಿಂದ 2010ರವರೆಗೆ. ಅವಳಿ ಗೋಪುರ, ಇರಾಕ್ ಯುದ್ಧ, ಕತ್ರೀನಾ ಚಂಡಮಾರುತ, ಲೆಹ್ಮನ್ ಬ್ರದರ್ಸ್ ಬ್ಯಾಂಕಿನ ದಿವಾಳಿ. ಈ ಹೆಸರುಗಳು ನಿಮಗೆ ಹೊಸದೇನಲ್ಲ. ಆಗ ಪೇಪರಿನಲ್ಲಿ ಯುದ್ಧದ್ದು ಒಂದು ಪುಟ, ಗಾಳಿಮಳೆಯದು ಇನ್ನೊಂದು ಪುಟ, ಷೇರುಪೇಟೆಯದು ಕೊನೆಯ ಪುಟ. ನಾವೂ ಬೇರೆ ಬೇರೆಯಾಗಿಯೇ ಓದಿದೆವು. ಎಷ್ಟೋ ವರ್ಷ ಇದರ ಹಿಂದೆ ಬಿದ್ದ ಮೇಲೆ ನನಗೆ ಕಂಡದ್ದು ಬೇರೆ. ಇವೆಲ್ಲ ಒಂದೇ ಏರಿಯ ಬಿರುಕುಗಳು. ಒಂದು ಕಡೆ ಬಿರುಕು ಮುಚ್ಚೋಕೆ ಇನ್ನೊಂದು ಕಡೆಯ ಮಣ್ಣು ತೆಗೆದರು. ಮುಂದಿನ ಸಲ ನೀರು ಅಲ್ಲಿಂದಲೇ ನುಗ್ಗಿತು.

2001ರ ಸೆಪ್ಟೆಂಬರ್ 11ರ ಬೆಳಗ್ಗೆಯ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 2,977 ಜನ ಸತ್ತರು. ಅದರಲ್ಲಿ 343 ಜನ ನ್ಯೂಯಾರ್ಕಿನ ಅಗ್ನಿಶಾಮಕ ದಳದವರು. ಎಲ್ಲರೂ ಓಡಿ ಇಳಿಯುತ್ತಿದ್ದ ಮೆಟ್ಟಿಲನ್ನು ಅವರು ಹತ್ತಿದರು. ಅದಕ್ಕೂ ಮುಂಚೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಟಿಕೆಟ್ ಇಲ್ಲದವರೂ ಗೇಟಿನ ತನಕ ಹೋಗಿ, ಮಗಳನ್ನೋ ಅಜ್ಜನನ್ನೋ ವಿಮಾನ ಹತ್ತಿಸಿ ಬರಬಹುದಿತ್ತು. ಅದು ನಿಂತಿತು. ದಾಳಿಯಾದ ನಾಲ್ಕನೇ ದಿನ ಅರಿಜೋನಾದ ಮೆಸಾ ಊರಿನಲ್ಲಿ, ಪೇಟ ಸುತ್ತಿದ್ದ ಸಿಖ್ ಒಬ್ಬರನ್ನು ಅವರದೇ ಪೆಟ್ರೋಲ್ ಬಂಕ್ ಮುಂದೆ ಗುಂಡಿಟ್ಟು ಕೊಂದರು. ದಾಳಿಗೂ ಅವರಿಗೂ ಏನು ಸಂಬಂಧ? ಪೇಟ, ಗಡ್ಡ, ಮೈಬಣ್ಣ, ಅಷ್ಟೇ. ಅಲ್ಲಿದ್ದ ನಮ್ಮವರೂ ಆ ದಿನಗಳಲ್ಲಿ ಹೊರಗೆ ಓಡಾಡಲು ಹೆದರಿದರು.

ಆ ಬಿರುಕು ಮುಚ್ಚಲು ಸರ್ಕಾರ ಎರಡು ಕೆಲಸ ಮಾಡಿತು. ದೇಶದೊಳಗಿನ ಭದ್ರತೆಗೆ ಅಂತ ಹೊಸದೊಂದು ದೊಡ್ಡ ಇಲಾಖೆ ಕಟ್ಟಿತು. ಜೊತೆಗೆ ಯುದ್ಧಕ್ಕೆ ಹೊರಟಿತು, ಮೊದಲು ಅಫ್ಘಾನಿಸ್ತಾನಕ್ಕೆ, 2003ರ ಮಾರ್ಚ್‌ನಲ್ಲಿ ಇರಾಕಿಗೆ. ಇರಾಕಿನಲ್ಲಿ ಸರ್ವನಾಶದ ಅಸ್ತ್ರಗಳಿವೆ ಅಂದರು, ಸಿಗಲೇ ಇಲ್ಲ. ಇರಾಕಿನ ಲಕ್ಷಾಂತರ ಜನರ ಬದುಕು ಹಾಳಾಯಿತು. ಅಮೆರಿಕದ ಸೈನಿಕರು ಸುಮಾರು 4,500 ಜನ ಅಲ್ಲೇ ಸತ್ತರು.

ಈಗ ಕತ್ರೀನಾಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಪ್ರವಾಹ, ಭೂಕಂಪ ಬಂದರೆ ಓಡಿಬರಬೇಕಾದ ಸಂಸ್ಥೆ ಫೀಮಾ. ಮೊದಲು ಅದು ಸ್ವತಂತ್ರವಾಗಿತ್ತು. 2003ರಲ್ಲಿ ಅದನ್ನು ಆ ಹೊಸ ಭದ್ರತಾ ಇಲಾಖೆಯ ಹೊಟ್ಟೆಯೊಳಗೆ ಸೇರಿಸಿದರು. ಅಲ್ಲಿ ಎಲ್ಲರ ತಲೆಯಲ್ಲೂ ಭಯೋತ್ಪಾದನೆಯ ಯೋಚನೆ. ಚಂಡಮಾರುತ ಹಿಂದಿನ ಬೆಂಚಿಗೆ ಹೋಯಿತು. ಇಂಥದ್ದೊಂದು ಬರಬಹುದು ಅಂತ ಗೊತ್ತಿರಲಿಲ್ಲವಾ? ಗೊತ್ತಿತ್ತು. 2004ರ ಜುಲೈನಲ್ಲಿ ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ ಅಧಿಕಾರಿಗಳು ಸೇರಿ, 'ಪ್ಯಾಮ್' ಅನ್ನುವ ಕಾಲ್ಪನಿಕ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸಿದರೆ ಏನು ಮಾಡಬೇಕು ಅಂತ ದಿನಗಟ್ಟಲೆ ತಾಲೀಮು ನಡೆಸಿದ್ದರು. ಆ ತಾಲೀಮಿನ ಕೆಲಸ ಪೂರ್ತಿಯಾಗುವ ಮುಂಚೆಯೇ ನಿಜವಾದದ್ದು ಬಂತು. ಹಾಗೆ ಬಂದಾಗ, ನೆರವಿಗೆ ನಿಲ್ಲಬೇಕಾದ ಲೂಯಿಸಿಯಾನದ ನ್ಯಾಷನಲ್ ಗಾರ್ಡ್ ಪಡೆಯ ಸಾವಿರಾರು ಜನ ಎಲ್ಲಿದ್ದರು ಗೊತ್ತಾ? ಇರಾಕಿನಲ್ಲಿ. ತಮ್ಮ ಊರು ಮುಳುಗುವುದನ್ನು ಅವರು ದೂರದ ಮರಳುಗಾಡಿನಲ್ಲಿ ಕೂತು ಟಿವಿಯಲ್ಲಿ ನೋಡಬೇಕಾಯಿತು.

2005ರ ಆಗಸ್ಟ್ 29. ಊರಿನ ನೂರಕ್ಕೆ ಎಂಬತ್ತು ಭಾಗ ನೀರಲ್ಲಿ ನಿಂತಿತು. ಇದನ್ನು ಬರೀ ಪ್ರಕೃತಿ ವಿಕೋಪ ಅಂದರೆ ನಾನು ಒಪ್ಪುವುದಿಲ್ಲ. 17ನೇ ಬೀದಿಯ ಕಾಲುವೆಯ ತಡೆಗೋಡೆ, ನೀರು ಅದರ ತಲೆಯ ಮೇಲೆ ಹರಿಯುವ ಮೊದಲೇ ಕುಸಿದಿತ್ತು. ಅಡಿಯ ಮಣ್ಣು ಮೆತ್ತಗಿತ್ತು, ನೆಟ್ಟಿದ್ದ ಉಕ್ಕಿನ ಹಾಳೆಗಳು ಸಾಕಷ್ಟು ಆಳಕ್ಕೆ ಇಳಿದಿರಲಿಲ್ಲ. ಕಟ್ಟಿದವರು ಸೇನೆಯ ಎಂಜಿನಿಯರುಗಳು. ತಮ್ಮ ವಿನ್ಯಾಸದಲ್ಲೇ ದೋಷವಿತ್ತು ಅಂತ 2006ರಲ್ಲಿ ಅವರೇ ಒಪ್ಪಿಕೊಂಡರು. ಊರು ಖಾಲಿ ಮಾಡಿ ಅಂತ ಆದೇಶ ಬಂದಿತ್ತು, ನಿಜ. ಆದರೆ ಅಲ್ಲಿ ನಾಲ್ಕು ಮನೆಗೆ ಒಂದು ಮನೆಯಲ್ಲಿ ಕಾರೇ ಇರಲಿಲ್ಲ. ಹೋಗುವುದು ಹೇಗೆ? ಉಳಿದವರಲ್ಲಿ ಬಡವರು, ಕಪ್ಪು ಜನ, ಮುದುಕರೇ ಜಾಸ್ತಿ. ಸತ್ತವರು 1,300ಕ್ಕೂ ಹೆಚ್ಚು.

ನೀರು ಇಳಿದ ಮೇಲೂ ಕಷ್ಟ ಇಳಿಯಲಿಲ್ಲ. ಮನೆ ಕಟ್ಟಿಕೊಳ್ಳಲು ಪರಿಹಾರ ಕೊಟ್ಟರು. ಆದರೆ ಲೆಕ್ಕ ಹಾಕುವಾಗ, ಮತ್ತೆ ಕಟ್ಟಲು ಬೇಕಾದ ಖರ್ಚಿಗಿಂತ ಆ ಮನೆಯ ಹಳೇ ಮಾರುಕಟ್ಟೆ ಬೆಲೆ ಕಡಿಮೆಯಿದ್ದರೆ ಆ ಕಡಿಮೆ ಮೊತ್ತವನ್ನೇ ಹಿಡಿದರು. ಬಿಳಿಯರ ಬಡಾವಣೆಯ ಮನೆಗೆ ಬೆಲೆ ಜಾಸ್ತಿ, ಕಪ್ಪು ಜನರ ಬಡಾವಣೆಯಲ್ಲಿ ಅಂಥದ್ದೇ ಮನೆಗೆ ಕಡಿಮೆ. ಸಿಮೆಂಟು, ಮರ, ಕೂಲಿ ಮಾತ್ರ ಇಬ್ಬರಿಗೂ ಒಂದೇ ದರ. ಜೊತೆಗೆ ಎಷ್ಟೋ ಮನೆಗಳ ಕಾಗದಪತ್ರ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇತ್ತು. ಖಾತೆ ಬದಲಾಯಿಸದೆ ಬಿಟ್ಟ ಮನೆಯ ಪಾಡು ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಸಾಲದ ಕಥೆ. ಡಾಟ್‌ಕಾಮ್ ಅನ್ನುವ ಇಂಟರ್ನೆಟ್ ಕಂಪನಿಗಳು ಮುಳುಗಿದಾಗ ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿ ಇಳಿಸಲು ಶುರು ಮಾಡಿತ್ತು. ಅವಳಿ ಗೋಪುರ ಬಿದ್ದ ಮೇಲೆ ಇನ್ನೂ ಇಳಿಸಿತು. 2001ರ ಆರಂಭದಲ್ಲಿ ಶೇಕಡಾ 6.5 ಇದ್ದದ್ದು 2003ರ ಜೂನ್‌ಗೆ ಶೇಕಡಾ 1ಕ್ಕೆ ಬಂತು. ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಅಗ್ಗದ ಹಣ ಹರಿದಾಗ ಅದು ಮನೆ ಸಾಲದ ಕಡೆಗೇ ಹರಿಯಿತು. ಸಂಬಳದ ಚೀಟಿ ಕೇಳದೆ ಸಾಲ ಕೊಟ್ಟರು. ಮೊದಲ ಎರಡು ವರ್ಷ ಕಂತು ಕಡಿಮೆ, ಮೂರನೇ ವರ್ಷ ಬಡ್ಡಿ ಏರಿ ಕಂತು ಒಮ್ಮೆಲೇ ಜಿಗಿಯುತ್ತದೆ. ಅಷ್ಟರಲ್ಲಿ ಮನೆ ಬೆಲೆ ಏರಿರುತ್ತೆ, ಚಿಂತೆ ಬೇಡ ಅಂದರು. ಸಾಲ ಕೊಟ್ಟ ಬ್ಯಾಂಕು ಆ ಸಾಲಪತ್ರವನ್ನು ಬೇರೆಯವರಿಗೆ ಮಾರಿ ಕೈತೊಳೆದುಕೊಂಡಿತು. ಸಾಲ ತೀರುತ್ತದೋ ಇಲ್ಲವೋ ಅನ್ನುವ ಚಿಂತೆ ಕೊಟ್ಟವರಿಗೇ ಇಲ್ಲದ ಮೇಲೆ ಇನ್ಯಾರಿಗಿರುತ್ತದೆ?

ಮನೆ ಬೆಲೆ ಬಿತ್ತು. 2008ರ ಸೆಪ್ಟೆಂಬರ್ 15ಕ್ಕೆ ಇಂಥ ಸಾಲಪತ್ರಗಳಲ್ಲಿ ಹಣ ಹಾಕಿದ್ದ ಲೆಹ್ಮನ್ ಬ್ರದರ್ಸ್ ಕೈ ಎತ್ತಿತು. ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರಿನ ಕಾನೂನು ಮೂರೇ ವಾರದಲ್ಲಿ ಬಂತು. ಮನೆಗಳಿಗೆ ಅಷ್ಟು ಬೇಗ ಏನೂ ಬರಲಿಲ್ಲ. 2009ರಲ್ಲಿ 28 ಲಕ್ಷ ಮನೆಗಳಿಗೆ ಜಪ್ತಿ ಪ್ರಕ್ರಿಯೆಯ ನೋಟಿಸು ಹೋಯಿತು. ಕೆಲವರು ಹರಾಜಿಗೆ ಕಾಯದೆ ಮನೆ ಕೀಲಿಯನ್ನು ಲಕೋಟೆಯಲ್ಲಿ ಹಾಕಿ ಬ್ಯಾಂಕಿಗೆ ಅಂಚೆಯಲ್ಲಿ ಕಳಿಸಿಬಿಟ್ಟರು. ಲಕೋಟೆ ಅಲ್ಲಾಡಿದರೆ ಒಳಗೆ ಕೀಲಿ ಗಿಲಗಿಲ ಅನ್ನುತ್ತಿತ್ತು. ಅಂಥ ಟಪಾಲಿಗೆ ಅಲ್ಲಿ ಆ ಸದ್ದಿನದೇ ಹೆಸರು ಬಿತ್ತು. ಮಕ್ಕಳು ಬೆಳೆದ ಮನೆ, ಕೊನೆಗೆ ಒಂದು ಲಕೋಟೆ.

ಅದರ ಅಲೆ ನಮ್ಮ ಬೆಂಗಳೂರಿಗೂ ಬಂತು. 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ನಿರುದ್ಯೋಗ ಶೇಕಡಾ 10 ಮುಟ್ಟಿತು. ಅದೇ ವರ್ಷ ಮೇ ತಿಂಗಳಲ್ಲಿ ಒಬಾಮಾ ಅವರು, ಬೆಂಗಳೂರಿನಲ್ಲಿ ಕೆಲಸ ಸೃಷ್ಟಿಸಿದರೆ ಕಡಿಮೆ ತೆರಿಗೆ, ಅಮೆರಿಕದ ಬಫಲೋ ಊರಿನಲ್ಲಿ ಸೃಷ್ಟಿಸಿದರೆ ಜಾಸ್ತಿ ಅನ್ನುವ ಕಾನೂನು ಸರಿಯಲ್ಲ ಅಂದಿದ್ದರು. ನಮಗೆ ಆಗ ಬೇಸರವಾಗಿತ್ತು. ಆದರೆ ಬಫಲೋದಲ್ಲಿ ಕೆಲಸ ಕಳೆದುಕೊಂಡವನ ಕಂತನ್ನು ಬೆಂಗಳೂರಿನ ಹುಡುಗ ಕಟ್ಟಿಸಿಕೊಂಡಿರಲಿಲ್ಲ. ಆ ಸಾಲ ಮಾರಿದವರು ಬೇರೆ ಇದ್ದರು. ಸಿಟ್ಟು ಮಾತ್ರ ಸುಮ್ನೆ ಇಬ್ಬರ ನಡುವೆ ಬಂದು ಕೂತಿತು. ಅದು ಈಗಲೂ ಅಲ್ಲಿಂದ ಎದ್ದಿಲ್ಲ.

2000ನೇ ಇಸವಿಯಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ 4.84 ಲಕ್ಷ ಜನ ಇದ್ದರು. 2010ರ ಗಣತಿಯಲ್ಲಿ 3.43 ಲಕ್ಷ. ವಾಪಸ್ ಬಂದವರಲ್ಲಿ ಕೆಲವರು ಮನೆಗೆ ಹೊಸ ಬಣ್ಣ ಹೊಡೆಸಿದರೂ ಆ ಗುಣಾಕಾರದ ಗುರುತನ್ನು ಅಳಿಸಲಿಲ್ಲ. ಅದರ ಸುತ್ತ ಬಿಟ್ಟು ಬಣ್ಣ ಹೊಡೆದರು. ಕೈಗಾರಿಕಾ ಕಾಲುವೆಯ ಗೋಡೆ ಒಡೆದು ನೀರು ನುಗ್ಗಿದ ಲೋಯರ್ ನೈನ್ತ್ ವಾರ್ಡ್‌ನಲ್ಲಿ ಗುರುತು ಹಾಕಲು ಗೋಡೆಯೇ ಉಳಿಯದ ಮನೆಗಳಿದ್ದವು. ಎಷ್ಟೋ ವರ್ಷ ಆ ಖಾಲಿ ಸೈಟುಗಳಲ್ಲಿ ಎದೆಯುದ್ದ ಬೆಳೆದ ಹುಲ್ಲು, ಹುಲ್ಲಿನ ನಡುವೆ ಮೂರೋ ನಾಲ್ಕೋ ಸಿಮೆಂಟ್ ಮೆಟ್ಟಿಲು. ಹತ್ತಿ ನಿಂತರೆ ಮುಂದೆ ಬಾಗಿಲಿಲ್ಲ.

ನಮಸ್ಕಾರ.