ಸ್ಪೆಲ್ಟ್ ಹಿಟ್ಟೂ ಗೋಧಿ ಹಿಟ್ಟೇ

ಕೇಳುಗರಿಗೆಲ್ಲ ನಮಸ್ಕಾರ.

ಗ್ಲುಟೆನ್, ಅಂದರೆ ಗೋಧಿಯಂಥ ಧಾನ್ಯದಲ್ಲಿರುವ ಅಂಟು ಪ್ರೋಟೀನ್, ಇಲ್ಲದ ಊಟಕ್ಕೆ ಯಾವ ಹಿಟ್ಟು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಹತ್ತು ನಿಮಿಷದಲ್ಲಿ ಹೇಳಿ ಅಂದಿದ್ದಾರೆ. ಎಲ್ಲ ಹಿಟ್ಟುಗಳ ಬಗ್ಗೆ ಹೇಳುತ್ತಾ ಕೂತರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಅದಕ್ಕೆ ನಾನು ಒಂದನ್ನೇ ಹಿಡಿದುಕೊಳ್ಳುತ್ತೇನೆ. ಅದು ಸ್ಪೆಲ್ಟ್ ಹಿಟ್ಟು. ಒಗ್ಗರಣೆ ಹೊತ್ತೀತು ಅಂತ ಮಧ್ಯದಲ್ಲೇ ಎದ್ದು ಹೋಗುವವರು ಇರುತ್ತೀರಿ, ಅದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸ್ಪೆಲ್ಟ್ ಅನ್ನುವುದು ಗೋಧಿ. ಗೋಧಿಯಲ್ಲಿ ಗ್ಲುಟೆನ್ ಇದ್ದೇ ಇರುತ್ತದೆ. ಗ್ಲುಟೆನ್ ತಿನ್ನಬೇಡಿ ಅಂತ ಡಾಕ್ಟರು ಹೇಳಿದ್ದರೆ ಸ್ಪೆಲ್ಟ್ ತಿನ್ನುವ ಹಾಗಿಲ್ಲ. ಒಂದು ಚಮಚವೂ ಇಲ್ಲ. ಹಬ್ಬಕ್ಕೂ ಇಲ್ಲ.

ಕೂತು ಕೇಳುವವರಿಗೆ ಇನ್ನು ಮಿಕ್ಕ ವಿಷಯ.

ಕೆಲವು ದಿನಗಳ ಹಿಂದೆ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಸೀಲಿಯಾಕ್ ಕಾಯಿಲೆ, ಅಂದರೆ ಗ್ಲುಟೆನ್ ತಿಂದರೆ ಕರುಳು ಕೆಡುವ ಕಾಯಿಲೆ. ಚಪಾತಿ ಬಿಡಿಸಿದ್ದೆವು, ಮೈ ಕೈ ತುಂಬಿಕೊಂಡಿದ್ದ. ಈಗ ಮತ್ತೆ ಹೊಟ್ಟೆ ಉಬ್ಬರ, ಭೇದಿ. ಮನೆಯಲ್ಲಿ ಏನು ಕೊಡುತ್ತಿದ್ದೀರಿ ಅಂತ ಕೇಳಿದೆ. ಅಜ್ಜಿ ಚೀಲದಿಂದ ಒಂದು ಪೊಟ್ಟಣ ತೆಗೆದರು. ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ, ರಜೆಗೆ ಬಂದಾಗ ತಂದು ಕೊಟ್ಟಳಂತೆ. "ಇದು ಗೋಧಿ ಅಲ್ಲರೀ ಮೇಡಮ್ಮಾರ, ಡಿಂಕೆಲ್. ಅಲ್ಲಿ ಗೋಧಿ ಒಗ್ಗಲಾರದವರು ಇದನ್ನ ತಿಂತಾರಂತ" ಅಂದರು. ಡಿಂಕೆಲ್ ಅಂದರೆ ಜರ್ಮನಿಯವರ ಸ್ಪೆಲ್ಟ್. ಅಜ್ಜಿಯದು ಏನೂ ತಪ್ಪಿಲ್ಲ ಬಿಡಿ. ಈ ಮಾತು ಹಬ್ಬಿಸಿದವರ ಮೇಲೆ ಮಾತ್ರ ನನಗೆ ಸಿಟ್ಟು.

ಸ್ಪೆಲ್ಟ್‌ಗೆ ಒಂದು ಪಾವಿತ್ರ್ಯ ಅಂಟಿಕೊಂಡಿದೆ. 12ನೇ ಶತಮಾನದಲ್ಲಿ ಜರ್ಮನಿಯಲ್ಲಿ ಹಿಲ್ಡೆಗಾರ್ಡ್ ಅಂತ ಒಬ್ಬ ಸನ್ಯಾಸಿನಿ ಇದ್ದರು. ಧಾನ್ಯಗಳಲ್ಲೆಲ್ಲ ಇದೇ ಶ್ರೇಷ್ಠ ಅಂತ ಅವರು ಬರೆದಿಟ್ಟರು. ಅವರ ಹೆಸರು ಹಾಕಿಕೊಂಡು ಇವತ್ತಿಗೂ ಸ್ಪೆಲ್ಟ್ ಮಾರುತ್ತಾರೆ. ಹಳೆಯ ಕಾಲದ್ದು, ಯಾರೂ ಕೈಯಾಡಿಸದ ಧಾನ್ಯ ಅನ್ನುತ್ತಾರೆ. ಇರಲಿ. ಹಳೆಯದಾದ ಮಾತ್ರಕ್ಕೆ ಗ್ಲುಟೆನ್ ಮಾಯವಾಗುತ್ತದೆಯೇ? ನಾವು ಚಪಾತಿಗೆ ಬಳಸುವ ಗೋಧಿಯಲ್ಲಿ 42 ವರ್ಣತಂತುಗಳಿವೆ. ಸ್ಪೆಲ್ಟ್‌ನಲ್ಲೂ 42. ತಳಿ ವಿಜ್ಞಾನಿಗಳು ಎರಡನ್ನೂ ಸಲೀಸಾಗಿ ಸಂಕರ ಮಾಡುತ್ತಾರೆ, ಅಷ್ಟು ಹತ್ತಿರದ ನಂಟು. ವ್ಯತ್ಯಾಸ ಮುಖ್ಯವಾಗಿ ಸಿಪ್ಪೆಯಲ್ಲಿ. ಬಡಿದರೂ ಸ್ಪೆಲ್ಟ್‌ನ ಹೊಟ್ಟು ಬಿಡುವುದಿಲ್ಲ, ಅದಕ್ಕೆ ಬೇರೆ ಯಂತ್ರ ಬೇಕು. ಸಿಪ್ಪೆ ಬಿಗಿಯಾಗಿದ್ದರೆ ಒಳಗಿನ ಕಾಳು ಬೇರೆಯಾಗುತ್ತದಾ?

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಮಾಡಿ ನೋಡಿ. ಒಂದು ಹಿಡಿ ಮೈದಾ ಹಿಟ್ಟು ಗಟ್ಟಿಯಾಗಿ ನಾದಿ, ಅರ್ಧ ಗಂಟೆ ಬಿಡಿ. ಆಮೇಲೆ ಬಟ್ಟಲು ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯಿರಿ. ಬಿಳಿ ನೀರು ಹೋಗುತ್ತಾ ಹೋಗುತ್ತಾ ಕೊನೆಗೆ ಕೈಯಲ್ಲಿ ರಬ್ಬರಿನಂಥ ಅಂಟು ಉಂಡೆ ಉಳಿಯುತ್ತದೆ. ಅದೇ ಗ್ಲುಟೆನ್. ಇಟಲಿಯ ಬೊಲೋನ್ಯಾದ ಬೆಕ್ಕಾರಿ ಅನ್ನುವ ಪ್ರೊಫೆಸರ್ 1728ರಲ್ಲೇ ಹೀಗೆ ತೊಳೆದು ತೋರಿಸಿದ್ದರು. ಸ್ಪೆಲ್ಟ್ ಹಿಟ್ಟು ತೊಳೆದರೂ ಅಂಟು ಉಂಡೆ ಬರುತ್ತದೆ, ಸ್ವಲ್ಪ ಮೆತ್ತಗಿರುತ್ತದೆ ಅಷ್ಟೇ. ರಾಗಿ ಹಿಟ್ಟು ತೊಳೆಯಿರಿ, ಜೋಳದ ಹಿಟ್ಟು ತೊಳೆಯಿರಿ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಜೋಳದ ರೊಟ್ಟಿಗೆ ಬಿಸಿನೀರು ಹಾಕಿ ನಾದಿ, ಹುಷಾರಾಗಿ ತಟ್ಟಬೇಕು, ಇಲ್ಲದಿದ್ದರೆ ಅಂಚು ಬಿರಿಯುತ್ತದೆ, ಅಲ್ವಾ? ಹಿಡಿದಿಡಲು ಅದರಲ್ಲಿ ಗ್ಲುಟೆನ್ ಇಲ್ಲ. ಸ್ಪೆಲ್ಟ್ ಬ್ರೆಡ್ ಮಾತ್ರ ಚೆನ್ನಾಗಿ ಉಬ್ಬುತ್ತದೆ. ಯಾಕೆ ಅಂತ ನೀವೇ ಹೇಳಿ.

ಸೀಲಿಯಾಕ್ ಇರುವವರಿಗೆ ಈ ಅಂಟೇ ವೈರಿ. ನಮ್ಮ ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲಿನ ಹಾಗೆ, ತುಂಬಾ ಎಳೆಗಳು ಎದ್ದು ನಿಂತಿರುತ್ತವೆ. ಊಟದ ಸಾರ ಹೀರುವುದು ಆ ಎಳೆಗಳು. ಗ್ಲುಟೆನ್ ಕಂಡರೆ ಇವರ ದೇಹ ತನ್ನ ಕರುಳಿನ ಮೇಲೆ ತಾನೇ ಯುದ್ಧಕ್ಕೆ ಹೋಗುತ್ತದೆ, ಎಳೆಗಳು ಸವೆದು ನುಣ್ಣಗಾಗುತ್ತವೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ರಕ್ತಹೀನತೆ ಬರುತ್ತದೆ, ಮಕ್ಕಳ ಎತ್ತರ ನಿಲ್ಲುತ್ತದೆ.

ಈ ಕಾಯಿಲೆಯ ಚರಿತ್ರೆಯಲ್ಲಿ ಒಂದು ಬಾಳೆಹಣ್ಣಿನ ಕತೆ ಇದೆ. ಎಲ್ಲಿ ಹೋದರೂ ಹೇಳುತ್ತೇನೆ, ಇಲ್ಲೂ ಹೇಳದೆ ಬಿಡುವುದಿಲ್ಲ.

ನೂರು ವರ್ಷದ ಹಿಂದೆ ಸೀಲಿಯಾಕ್ ಬಂದ ಮಕ್ಕಳಲ್ಲಿ ಎಷ್ಟೋ ಮಂದಿ ಉಳಿಯುತ್ತಿರಲಿಲ್ಲ. ಕಾರಣವೇ ಯಾರಿಗೂ ಗೊತ್ತಿರಲಿಲ್ಲ. ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಗೀ ಅನ್ನುವ ಡಾಕ್ಟರು 1888ರಲ್ಲಿ, ಇದು ವಾಸಿಯಾಗುವುದಾದರೆ ಊಟದಿಂದಲೇ ಆಗಬೇಕು ಅಂತ ಬರೆದರು. ಯಾವ ಊಟ? ಅವರು ಒಂದು ಮಗುವಿಗೆ ದಿನಾ ಚಿಪ್ಪುಮೀನು ತಿನ್ನಿಸಿ ನೋಡಿದರು! ಮಗು ಚೇತರಿಸಿಕೊಂಡಿತು. ಚಿಪ್ಪುಮೀನಿನ ಕಾಲ ಮುಗಿದ ಕೂಡಲೇ ಮತ್ತೆ ಮಲಗಿತು.

ಆಮೇಲೆ 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಅನ್ನುವ ಮಕ್ಕಳ ಡಾಕ್ಟರು ಬಂದರು. ಪೋರ್ಟೊರಿಕೋ ದ್ವೀಪದಲ್ಲಿ ಬ್ರೆಡ್ ತಿನ್ನುವ ಪಟ್ಟಣದವರಿಗೆ ಇಂಥದ್ದೇ ಭೇದಿ ಬರುತ್ತದೆ, ಬಾಳೆಹಣ್ಣು ತಿನ್ನುವ ಹಳ್ಳಿಯವರಿಗೆ ಬರುವುದಿಲ್ಲ ಅನ್ನುವುದು ಅವರ ತಲೆಯಲ್ಲಿ ಕೂತಿತ್ತು. ಸರಿ, ಮಕ್ಕಳಿಗೆ ಬಾಳೆಹಣ್ಣು ಶುರು ಮಾಡಿದರು. ಒಂದೆರಡಲ್ಲ, ದಿನಕ್ಕೆ ನಾಲ್ಕರಿಂದ ಎಂಟು! ಜೊತೆಗೆ ಹಾಲು, ಚೀಸ್, ಮಾಂಸ, ತರಕಾರಿ. ಬ್ರೆಡ್ಡು, ಬಿಸ್ಕತ್ತು, ಕಾಳುಕಡಿ ಎಲ್ಲ ಬಂದ್. ಮಕ್ಕಳು ಎದ್ದು ಕೂತರು. ಕೆನ್ನೆ ತುಂಬಿತು. ಅಮೆರಿಕದಲ್ಲಿ ಬಾಳೆಹಣ್ಣೇ ಔಷಧಿ ಅಂತ ಸುದ್ದಿಯಾಯಿತು. ಹತ್ತಾರು ವರ್ಷ ಅದೇ ಚಿಕಿತ್ಸೆ ನಡೆಯಿತು.

ನಿಮಗೆ ಈಗಾಗಲೇ ಹೊಳೆದಿರಬೇಕು. ಮಕ್ಕಳನ್ನು ಉಳಿಸಿದ್ದು ತಟ್ಟೆಗೆ ಬಂದ ಬಾಳೆಹಣ್ಣಲ್ಲ, ತಟ್ಟೆಯಿಂದ ಹೋದ ಬ್ರೆಡ್ಡು. ಹಾಸ್ ಅವರಿಗೆ ಮಾತ್ರ ಕೊನೆಗೂ ಬಾಳೆಹಣ್ಣಿನ ಮೇಲೇ ನಂಬಿಕೆ. ವಾಸಿಯಾದ ಮೇಲೆ ಎಲ್ಲ ತಿನ್ನಬಹುದು ಅಂತ ಬಿಟ್ಟರು. ಕೆಲವರಿಗೆ ಮತ್ತೆ ಕಾಯಿಲೆ ಮರುಕಳಿಸಿತು.

ನಿಜ ಹಿಡಿದವರು ಹಾಲೆಂಡಿನ ವಿಲ್ಲೆಮ್ ಡಿಕ್ಕೆ. ಹೇಗ್ ನಗರದ ಮಕ್ಕಳ ಆಸ್ಪತ್ರೆಯ ಡಾಕ್ಟರು. ಗೋಧಿಯ ಮೇಲೆ ಅವರಿಗೆ 1930ರ ದಶಕದಿಂದಲೇ ಅನುಮಾನ. ಅಷ್ಟರಲ್ಲಿ ಯುದ್ಧ ಬಂತು. 1944-45ರ ಚಳಿಗಾಲದಲ್ಲಿ ಅಲ್ಲಿ ಭಯಂಕರ ಬರ. ಜನ ಟ್ಯೂಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. ಬ್ರೆಡ್ ಸಿಗುವುದೇ ಕಷ್ಟ. ಊರಿಗೆ ಊರೇ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಸುಧಾರಿಸಿಕೊಂಡರು! ಆಮೇಲೆ ಪರದೇಶಗಳಿಂದ ಬ್ರೆಡ್ ಬಂತು. ಪಾಪ, ಈ ಮಕ್ಕಳಿಗೂ ಪ್ರೀತಿಯಿಂದ ಕೊಟ್ಟರು. ಮಕ್ಕಳು ಮತ್ತೆ ಮಲಗಿದರು. ಡಿಕ್ಕೆ ಯುದ್ಧ ಮುಗಿದ ಮೇಲೂ ಪಟ್ಟು ಬಿಡಲಿಲ್ಲ. ಒಂದು ಧಾನ್ಯ ಕೊಡುವುದು, ಇನ್ನೊಂದು ನಿಲ್ಲಿಸುವುದು, ಮಕ್ಕಳ ತೂಕ ನೋಡುವುದು. 1950ರಲ್ಲಿ ಪ್ರಬಂಧ ಬರೆದು ಗೋಧಿಯೇ ಕಾರಣ ಅಂತ ಸಾಬೀತು ಮಾಡಿದರು. ಅಲ್ಲಿಂದ ಇವತ್ತಿನವರೆಗೂ ಇದಕ್ಕೆ ಇರುವುದು ಒಂದೇ ಔಷಧಿ. ಗ್ಲುಟೆನ್ ಬಿಡುವುದು, ಆಯುಷ್ಯಪೂರ್ತಿ ಬಿಡುವುದು.

ಕತೆ ಉದ್ದವಾಯಿತು. ಇರಲಿ. ಏನು ಸೇರಿಸಿದಿರಿ ಅನ್ನುವುದಲ್ಲ, ಏನು ಬಿಟ್ಟಿರಿ ಅನ್ನುವುದು ಇಲ್ಲಿ ಲೆಕ್ಕ. ಚಪಾತಿ ಬಿಟ್ಟು ಸ್ಪೆಲ್ಟ್ ಹಿಡಿದರೆ ಏನನ್ನೂ ಬಿಟ್ಟ ಹಾಗಾಗಲಿಲ್ಲ.

ಉತ್ತರ ಕರ್ನಾಟಕದ ಕೇಳುಗರು ಇಲ್ಲಿ ಕಿವಿಗೊಡಿ. ನಮ್ಮ ಕಪಲಿ ಗೋಧಿ, ಸದಕ ಅಂತಲೂ ಕರೆಯುತ್ತೀರಲ್ಲ, ಅದೂ ಸ್ಪೆಲ್ಟ್‌ನ ಹಾಗೇ ಸಿಪ್ಪೆ ಬಿಡದ ಹಳೆಯ ಗೋಧಿ. ಬೆಳಗಾವಿ, ಬಾಗಲಕೋಟೆ ಕಡೆ ಬೆಳೆಯುತ್ತಾರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಅಂತ ಇದರ ತಳಿಗಳನ್ನೂ ಕೊಟ್ಟಿದೆ. ಹುಗ್ಗಿ, ಮಾದಲಿ, ಶಾವಿಗೆಗೆ ಇದನ್ನು ಮೀರಿಸುವ ಗೋಧಿ ಇಲ್ಲ, ನನಗೂ ಬಹಳ ಇಷ್ಟ. ಈಗ ಬೆಂಗಳೂರಿನಲ್ಲಿ ಇದನ್ನೇ ಗ್ಲುಟೆನ್ ಇಲ್ಲದ ಗೋಧಿ ಅಂತ ಹೇಳಿ ದುಬಾರಿ ಬೆಲೆಗೆ ಮಾರುವವರಿದ್ದಾರೆ. ಗ್ಲುಟೆನ್ ಇಲ್ಲದ ಗೋಧಿ ಅನ್ನುವುದೇ ಇಲ್ಲ. ಸೀಲಿಯಾಕ್ ಇದ್ದವರಿಗೆ ಕಪಲಿಯೂ ಬೇಡ.

"ಸ್ಪೆಲ್ಟ್ ತಿಂದರೆ ನನಗೆ ಹೊಟ್ಟೆ ಹಗುರ ಅನ್ನಿಸುತ್ತೆ" ಅನ್ನುವವರಿದ್ದಾರೆ. ಸಂತೋಷ, ತಿನ್ನಿ. ನಿಮಗೆ ಸೀಲಿಯಾಕ್ ಇಲ್ಲದಿದ್ದರೆ ಯಾರೂ ತಡೆಯುವುದಿಲ್ಲ. ಪಕ್ಕದ ಮನೆಯ ಮಗುವಿಗೆ ಮಾತ್ರ ಸಲಹೆ ಕೊಡಬೇಡಿ. ನಮ್ಮ ದೇಶದ ಆಹಾರ ಲೇಬಲ್ ನಿಯಮ, 2020ರದ್ದು, ಗ್ಲುಟೆನ್ ಇರುವ ಧಾನ್ಯಗಳ ಪಟ್ಟಿಯಲ್ಲಿ ಸ್ಪೆಲ್ಟ್ ಹೆಸರನ್ನೇ ಬರೆದಿದೆ. ಗ್ಲುಟೆನ್ ಫ್ರೀ ಅಂತ ಅಚ್ಚು ಹಾಕಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರುವಂತಿಲ್ಲ. ಸ್ಪೆಲ್ಟ್ ಹಿಟ್ಟಿನಲ್ಲಿ ಅದರ ಸಾವಿರಾರು ಪಟ್ಟು ಇದೆ.

ಸಮಯ ಕಡಿಮೆ ಇದೆ, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಅನುಮಾನ ಬಂತು ಅಂತ ಸುಮ್ನೆ ಗೋಧಿ ಬಿಟ್ಟು ಆಮೇಲೆ ಡಾಕ್ಟರ ಹತ್ತಿರ ಹೋಗಬೇಡಿ. ಗೋಧಿ ತಿನ್ನುತ್ತಿರುವಾಗಲೇ ರಕ್ತ ಪರೀಕ್ಷೆ ಆಗಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಉತ್ತರ ಭಾರತದಲ್ಲಿ ಇದು ನೂರಕ್ಕೆ ಒಬ್ಬರಿಗೆ ಇದೆ. ನಮ್ಮ ಕಡೆ ಬಹಳ ಕಡಿಮೆ, ಸಾವಿರಕ್ಕೆ ಒಬ್ಬರು ಅನ್ನಿ. ಅಂಥವರಿಗೆ ರಾಗಿ ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನವಣೆ, ಸಾಮೆ ಎಲ್ಲ ಇದೆ. ಜರ್ಮನಿಯಿಂದ ಏನೂ ತರಿಸುವುದು ಬೇಡ.

ರಾಗಿಯನ್ನು ಗಿರಣಿಗೆ ಕೊಡುವಾಗ ಮಾತ್ರ ನೋಡಿಕೊಳ್ಳಿ. ಗೋಧಿ ಬೀಸಿದ ಕಲ್ಲಿಗೇ ನಿಮ್ಮ ರಾಗಿ ಹಾಕಿದರೆ ಗೋಧಿ ಹಿಟ್ಟೂ ಮನೆಗೆ ಬರುತ್ತದೆ. ರಾಗಿ, ಅಕ್ಕಿ ಮಾತ್ರ ಬೀಸುವ ಗಿರಣಿ ಹುಡುಕಿ, ಇಲ್ಲವೇ ಮನೆಯಲ್ಲೇ ಬೀಸಿಕೊಳ್ಳಿ. ಇನ್ನೊಂದು, ಇಂಗು. ಡಬ್ಬಿಯ ಇಂಗಿನಲ್ಲಿ ಬರೀ ಇಂಗು ಇರುವುದಿಲ್ಲ, ಎಷ್ಟೋ ಕಡೆ ಮೈದಾ ಬೆರೆಸಿರುತ್ತಾರೆ. ಅನ್ನ ಸಾರು ಮಾತ್ರ ತಿಂದರೂ ಮಗುವಿಗೆ ಹೊಟ್ಟೆ ಸರಿಹೋಗುತ್ತಿಲ್ಲ ಅಂದರೆ, ಮೊದಲು ಆ ಡಬ್ಬಿ ತಿರುಗಿಸಿ ಓದಿ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಅಂಗಡಿಯಲ್ಲಿ ಸಿಗುತ್ತದೆ, ಕೇಳಿ ತನ್ನಿ.

ನಮಸ್ಕಾರ.