ಮಾರಾಟಕ್ಕೇ ಬಾರದ ಮೆಗಾಗಾಮಾ

ಎಲ್ಲರಿಗೂ ನಮಸ್ಕಾರ.

ಇವತ್ತು ಹೇಳಲು ಹೊರಟಿರುವ ಕಾರು ಶೋರೂಮಿನ ಬಾಗಿಲನ್ನೇ ತುಳಿಯಲಿಲ್ಲ. ಹೆಸರು ಮೆಗಾಗಾಮಾ, ಇಟಲಿಯ ಲಾನ್ಚಿಯಾ ಕಂಪನಿಯ ಹೆಸರು ಹೊತ್ತ ಕಾರು. 1978ರ ಟ್ಯೂರಿನ್ ಮೋಟಾರ್ ಶೋನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟದ್ದು ವಿನ್ಯಾಸಕಾರ ಜಾರ್ಜೆಟ್ಟೊ ಜುಜಾರೊ ಅವರ ವಿನ್ಯಾಸ ಸಂಸ್ಥೆ ಇಟಾಲ್‌ಡಿಸೈನ್.

ಜುಜಾರೊ ಆ ಹೊತ್ತಿಗೆ ಚೂಪು ಮೂತಿಯ, ನೆಲಕ್ಕೆ ಅಂಟಿಕೊಂಡಂಥ ಸ್ಪೋರ್ಟ್ಸ್ ಕಾರುಗಳಿಗೆ ಹೆಸರಾದವರು. ಅವರ ಗಮನ ಎತ್ತರದ ಕಡೆ ಹೊರಳಿದ್ದು ಟ್ಯಾಕ್ಸಿಯೊಂದರಿಂದ. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಹೊಸ ಬಗೆಯ ಟ್ಯಾಕ್ಸಿಗಳ ಪ್ರದರ್ಶನ ಏರ್ಪಡಿಸಿತ್ತು. ಅದಕ್ಕಾಗಿ ಅವರು ಆಲ್ಫಾ ರೋಮಿಯೋ ವ್ಯಾನಿನ ಮೇಲೆ ಎತ್ತರದ ಟ್ಯಾಕ್ಸಿಯೊಂದನ್ನು ರೂಪಿಸಿದರು. ಮೆಗಾಗಾಮಾ ಅದೇ ಯೋಚನೆಯನ್ನು ಸಂಸಾರವಂದಿಗರ ಕಾರಿಗೆ ತಂದಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ನೆಲದ ಮೇಲೆ ಕಾಲು ಚಾಚಿ ಕೂತವರಿಗೆ ಎಷ್ಟು ಜಾಗ ಬೇಕು, ಕುರ್ಚಿಯಲ್ಲಿ ಕೂತವರಿಗೆ ಎಷ್ಟು ಸಾಕು, ನೋಡಿ. ಸೊಂಟ ಮೇಲೆ ಹೋದಷ್ಟೂ ಮೊಣಕಾಲು ಮಡಚುತ್ತದೆ, ಉದ್ದ ಉಳಿಯುತ್ತದೆ. ಲಾನ್ಚಿಯಾ ಆಗ ಮಾರುತ್ತಿದ್ದ ಗಾಮಾ ಸೆಡಾನ್ ಸುಮಾರು 4.58 ಮೀಟರ್ ಉದ್ದವಿತ್ತು. ಅದರದೇ ತಳಪಾಯದ ಮೇಲೆ ನಿಂತ ಮೆಗಾಗಾಮಾ 4.31 ಮೀಟರ್. ಎತ್ತರ ಮಾತ್ರ 1.41ರಿಂದ ಸುಮಾರು 1.62 ಮೀಟರಿಗೆ ಏರಿತು. ಉದ್ದ ತಗ್ಗಿದರೂ ಒಳಗೆ ಕೂತವರು ಇಕ್ಕಟ್ಟುಪಡಬೇಕಿರಲಿಲ್ಲ. ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತಿದ್ದರಿಂದ ಹಿಂದಕ್ಕೆ ಹೋಗುವ ಶಾಫ್ಟ್ ಇಲ್ಲ, ಹಾಗಾಗಿ ನೆಲ ಸಪಾಟು. 2.5 ಲೀಟರಿನ ಬಾಕ್ಸರ್ ಎಂಜಿನ್ನಿನ ಸಿಲಿಂಡರುಗಳು ಅಡ್ಡಡ್ಡ ಮಲಗಿದ್ದರಿಂದ ಬಾನೆಟ್ಟೂ ತಗ್ಗಾಗಿಯೇ ಉಳಿಯಿತು. ಮೊಣಕಾಲು ನೋವಿನ ಹಿರಿಯರಿಗೆ, ಸೀರೆ ಉಟ್ಟವರಿಗೆ ಎತ್ತರದ ಸೀಟು ಎಷ್ಟು ಅನುಕೂಲವೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಆಗ ಲಾನ್ಚಿಯಾದ ಒಡೆತನ ಫಿಯಟ್‌ನದಾಗಿತ್ತು. ಇಂಥ ಕಾರಿಗೆ ಮಾರುಕಟ್ಟೆಯೇ ಇರದ ಕಾಲದಲ್ಲಿ ಕೈಸುಟ್ಟುಕೊಳ್ಳಲು ಅದು ಸಿದ್ಧವಿರಲಿಲ್ಲ. ಆ ಎಚ್ಚರಿಕೆಯನ್ನು ದಡ್ಡತನ ಎನ್ನಲು ನನಗೆ ಮನಸ್ಸಿಲ್ಲ. ಆದರೆ 80ರ ದಶಕದ ಆರಂಭದಲ್ಲೇ ಜಪಾನಿನಲ್ಲಿ ನಿಸ್ಸಾನ್ ಪ್ರೇರಿ ಬಂತು. ಅದೇ ಎತ್ತರದ ಮೈಕಟ್ಟು, ಪಕ್ಕದಲ್ಲಿ ಹಿಂದಕ್ಕೆ ಸರಿಯುವ ಹಿಂದಿನ ಬಾಗಿಲುಗಳು, ಮುಂದಿನ ಹಿಂದಿನ ಬಾಗಿಲುಗಳ ನಡುವೆ ಕಂಬವೂ ಇಲ್ಲ.

ಮೆಗಾಗಾಮಾವನ್ನು ಎಲ್ಲ ಮಿನಿವ್ಯಾನುಗಳ, ಅಂದರೆ ವ್ಯಾನಿನಂಥ ಎತ್ತರದ ಸಂಸಾರದ ಕಾರುಗಳ, ತಂದೆ ಎಂದು ಕರೆಯುವವರಿದ್ದಾರೆ. ಅದು ಅತಿಯಾಯಿತು. ಅಮೆರಿಕದ ಕ್ರೈಸ್ಲರ್ ಮಿನಿವ್ಯಾನಿನ ಬೇರು, ಮುಂದೆ ಕ್ರೈಸ್ಲರ್ ಸೇರಿದ ಹಾಲ್ ಸ್ಪರ್ಲಿಕ್ ಫೋರ್ಡ್ ಕಂಪನಿಯಲ್ಲಿದ್ದಾಗ ಮುಂದಿಟ್ಟ ಯೋಚನೆಯಲ್ಲಿದೆ. 1984ರ ರೆನೋ ಎಸ್ಪಾಸ್ ಕಾರಿನದು ಫ್ರಾನ್ಸಿನ ‘ಮಾತ್ರಾ’ ಎಂಬ ಕಂಪನಿಯಲ್ಲಿ ಹುಟ್ಟಿದ ಬೇರೆಯದೇ ಕಥೆ. ಮೆಗಾಗಾಮಾದ ನಿಜವಾದ ಪ್ರಭಾವವನ್ನು ನಾನು ಹುಡುಕುವುದು ಚಿಕ್ಕ ಕಾರಿನಲ್ಲಿ: 1983ರ ಫಿಯಟ್ ಯೂನೊ. ಅದನ್ನು ರೂಪಿಸಿದವರೂ ಜುಜಾರೊ. ಎತ್ತರ ಕೂರಿಸಿ ಜಾಗ ಉಳಿಸುವ ಅದೇ ಉಪಾಯ ಅಲ್ಲಿ ಹ್ಯಾಚ್‌ಬ್ಯಾಕಿಗೆ ಇಳಿಯಿತು. 1984ರ ಯುರೋಪಿನ ವರ್ಷದ ಕಾರು ಪ್ರಶಸ್ತಿ ಯೂನೊಗೇ ಬಂತು.

90ರ ದಶಕದ ಆರಂಭದಲ್ಲಿ ಇಟಾಲ್‌ಡಿಸೈನ್ ಲುಚ್ಚೊಲಾ ಎಂಬ ಪುಟ್ಟ ಎತ್ತರದ ಕಾರನ್ನು ಫಿಯಟ್ ಮುಂದಿಟ್ಟಿತು. ಫಿಯಟ್ ಮತ್ತೆ ಬೇಡವೆಂದಿತು. ಕೊರಿಯಾದ ಡೇವೂ ಅದನ್ನು ಕೊಂಡು ಮ್ಯಾಟಿಜ್ ಮಾಡಿ, 1998ರಲ್ಲಿ ನಮ್ಮ ರಸ್ತೆಗಳಿಗೂ ತಂದಿತು. ಆಗ ಫಿಯಟ್ ಇಲ್ಲಿ ಮಾರುತ್ತಿದ್ದುದು ಯೂನೊ!

ಪ್ರಶ್ನೆಗಳಿದ್ದರೆ ಈಗ ಕೇಳಿ.